ಹನ್ನೊಂದು ತಾಟು, ಒಂದು ಗುಡ್ಡ

“ಇಷ್ಟ್ಯಾಕೋ ತಾಟು? ಊಟಕ್ಕ ಮಂದೀನ್ನ ಕರದೀಯೇನು?”

ವಿಡಿಯೋ ಕಾಲ್‌ನಲ್ಲಿ ನನ್ನ ಬೆನ್ನ ಹಿಂದೆ, ಕಾರ್ಪೆಟ್ ಮೇಲೆ ಸಾಲಾಗಿ ಒಣಗಲು ಇಟ್ಟಿದ್ದ ಬಣ್ಣಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳನ್ನು ನೋಡಿ ಅವ್ವ ಕೇಳಿದ್ದು. ಸ್ಯಾನ್ ಹೋಸೆಯಲ್ಲಿ ಆಗ ಭಾನುವಾರ ಬೆಳಿಗ್ಗೆ ಎಂಟೂವರೆ, ಧಾರವಾಡದಲ್ಲಿ ರಾತ್ರಿ ಒಂಬತ್ತು.

“ಊಟದ್ದಲ್ಲವ್ವ, ಇವು ಒಗಿಯೂವು” ಅಂದೆ.

“ಒಗಿಯೂದಿದ್ರ ಯಾಕ ತಗೊಂಡಿ?”

ಉತ್ತರ ಹೇಳಲಾಗಲಿಲ್ಲ. ನಮ್ಮ ಕಡೆ ಒಗೆಯುವುದು ಅಂದರೆ ಎಸೆಯುವುದು. ಇದೇ ಮಾತನ್ನು ಬೆಂಗಳೂರಿನ ಗೆಳೆಯನಿಗೆ ಹೇಳಿದಾಗ ಅವನು ನಾನು ವಾರಾಂತ್ಯವೆಲ್ಲ ಬಟ್ಟೆ ಒಗೆಯುತ್ತಾ ಕೂತಿದ್ದೇನೆ ಅಂದುಕೊಂಡು ಮರುಗಿದ್ದ.

2019ರ ಏಪ್ರಿಲ್‌ನಲ್ಲಿ ಪುಣೆಯ ಆಫೀಸಿನಿಂದ ಆರು ತಿಂಗಳ ಕೆಲಸಕ್ಕೆಂದು ನನ್ನನ್ನು ಅಲ್ಲಿಗೆ ಕಳಿಸಿದ್ದರು. ಹೆಂಡತಿಯ ಕೆಲಸ ಪುಣೆಯಲ್ಲಿ, ಮಗ ಆಗಷ್ಟೇ ಒಂದನೇ ಕ್ಲಾಸು. ಹಾಗಾಗಿ ಒಬ್ಬನೇ ಹೋದೆ. ಆನ್‌ಸೈಟ್ ಹೋಗಿ ಬಂದವರಿಗೆ ಆ ವಾರಾಂತ್ಯಗಳು ಗೊತ್ತು. ಶನಿವಾರ ಬಟ್ಟೆ, ಇಂಡಿಯನ್ ಸ್ಟೋರ್, ವಾರಕ್ಕಾಗುವಷ್ಟು ಸಾರು. ಭಾನುವಾರ ಏನೂ ಇಲ್ಲ. ಡಾಲರನ್ನು ಎಪ್ಪತ್ತರಿಂದ ಗುಣಿಸುವ ಚಟ ಬಿಡದವರಿಗೆ ಎಲ್ಲಿಗೂ ಹೋಗಲು ಮನಸ್ಸಾಗುವುದಿಲ್ಲ. ಟೀಮಿನ ಟೆಸ್ಟಿಂಗ್ ಲೀಡ್ ಒಬ್ಬ, ಮಿನೆಸೋಟಾದವನು, “ಪುಕ್ಕಟೆ ಆಟ ಒಂದಿದೆ, ಬರ್ತೀಯಾ?” ಅಂದಾಗ ಪುಕ್ಕಟೆ ಅನ್ನುವ ಮಾತಿಗೇ ಹೊರಟೆ.

ಅವನು ಕರೆದುಕೊಂಡು ಹೋದದ್ದು ಊರ ದಕ್ಷಿಣಕ್ಕಿರುವ ಹೆಲ್ಯರ್ ಪಾರ್ಕಿಗೆ. ಪಕ್ಕದಲ್ಲೇ 101 ಹೆದ್ದಾರಿಯ ಗದ್ದಲ, ಒಣಗಿ ಕಂದಾದ ಹುಲ್ಲು, ಅಲ್ಲಲ್ಲಿ ಓಕ್ ಮರ. ಮರಗಳ ನಡುವೆ ಕಬ್ಬಿಣದ ಕಂಬಗಳು, ಕಂಬಕ್ಕೊಂದು ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿದ್ದ ಸರಪಳಿಗಳು. ಡಿಸ್ಕ್ ಗಾಲ್ಫ್ ಅಂದರೆ ಇಷ್ಟೇ: ಗಾಲ್ಫಿನ ಚೆಂಡಿನ ಬದಲು ಬಿಲ್ಲೆ, ಕುಳಿಯ ಬದಲು ಬುಟ್ಟಿ. ಒಗೆಯಬೇಕು, ಬಿದ್ದಲ್ಲಿಗೆ ನಡೆಯಬೇಕು, ಅಲ್ಲಿಂದ ಮತ್ತೆ ಒಗೆಯಬೇಕು. ಎಷ್ಟು ಕಡಿಮೆ ಎಸೆತಕ್ಕೆ ಬುಟ್ಟಿಗೆ ಬಿತ್ತೋ ಅಷ್ಟು ಒಳ್ಳೆಯದು. ಬಿದ್ದಾಗ ಸರಪಳಿ ಝಲ್ಲೆನ್ನುತ್ತದೆ. ಆ ಸದ್ದಿಗೇ ಜನ ಮರುಳಾಗುವುದು ಅಂತ ನನ್ನ ಅನುಮಾನ.

ಈ ಆಟಕ್ಕೆ ಒಂದು ರೂಪ ಕೊಟ್ಟವನು ಎಡ್ ಹೆಡ್ರಿಕ್. ವ್ಯಾಮ್-ಓ ಕಂಪನಿಯಲ್ಲಿದ್ದಾಗ ಫ್ರಿಸ್ಬಿಯ ವಿನ್ಯಾಸ ತಿದ್ದಿ ಪೇಟೆಂಟ್ ಪಡೆದವನು. 1975ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಶಾಶ್ವತ ಕೋರ್ಸ್ ಮಾಡಿದ. ಸರಪಳಿಯ ಬುಟ್ಟಿಯೂ ಅವನದೇ. 2002ರಲ್ಲಿ ತೀರಿಕೊಂಡಾಗ ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್‌ಗಳನ್ನು ಮಾಡಿದರು. ಇದನ್ನು ಅವ್ವನಿಗೆ ನಾನು ಹೇಳಿಲ್ಲ.

ನಾನು ಮೊದಲು ಕೊಂಡದ್ದು ಮೂರು ಡಿಸ್ಕ್‌ಗಳ ಒಂದು ಸೆಟ್: ಡ್ರೈವರ್ ಒಂದು, ಮಿಡ್‌ರೇಂಜ್ ಒಂದು, ಪಟರ್ ಒಂದು. ಪಟರ್ ಬುಟ್ಟಿಯ ಹತ್ತಿರಕ್ಕೆ, ಮಿಡ್‌ರೇಂಜ್ ನಡು ದೂರಕ್ಕೆ, ಡ್ರೈವರ್ ದೂರಕ್ಕೆ. ಡ್ರೈವರ್‌ಗಳಲ್ಲೂ ಎರಡು ಜಾತಿ. ಅಂಚು ಅಗಲವಾಗಿ, ಚೂಪಾಗಿ ಇರುವ ಡಿಸ್ಟೆನ್ಸ್ ಡ್ರೈವರ್‌ಗಳಿಗೆ ತೋಳಿನಲ್ಲಿ ಭಾರಿ ವೇಗ ಬೇಕು; ನನ್ನಂಥವರು ಒಗೆದರೆ ಅರ್ಧದಾರಿಯಲ್ಲೇ ಎಡಕ್ಕೆ ಮುಗ್ಗರಿಸುತ್ತವೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನವು ಫೇರ್‌ವೇ ಡ್ರೈವರ್‌ಗಳು. ದೂರವೂ ಹೋಗುತ್ತವೆ, ಹೇಳಿದ ಮಾತೂ ಕೇಳುತ್ತವೆ. ಹವ್ಯಾಸಿಗಳ ಆಟ ನಡೆಯುವುದು ಬಹುಪಾಲು ಇವುಗಳ ಮೇಲೆಯೇ. ನನ್ನ ರೋಗ ಶುರುವಾದದ್ದೂ ಇಲ್ಲೇ.

ಬಹಳಷ್ಟು ಡಿಸ್ಕ್‌ಗಳ ಮೇಲೆ ನಾಲ್ಕು ಅಂಕಿಗಳಿರುತ್ತವೆ. ವೇಗ, ತೇಲುವ ಗುಣ, ಹಾರಾಟದ ಮೊದಲರ್ಧದಲ್ಲಿ ಬಲಕ್ಕೆ ವಾಲುವುದು, ಕೊನೆಯಲ್ಲಿ ಎಡಕ್ಕೆ ಬೀಳುವುದು. ಬಲಗೈಯಿಂದ ಬ್ಯಾಕ್‌ಹ್ಯಾಂಡ್ ಒಗೆಯುವವರ ಲೆಕ್ಕ ಇದು. ಲೆಪರ್ಡ್ ಅನ್ನುವ ಡಿಸ್ಕ್‌ಗೆ 6, 5, -2, 1. ಟೀಬರ್ಡ್‌ಗೆ 7, 5, 0, 2. ಫೈರ್‌ಬರ್ಡ್‌ಗೆ 9, 3, 0, 4. ಹದಿನೈದು ವರ್ಷ ಎಕ್ಸೆಲ್ ಶೀಟಿನ ಮುಂದೆ ಕೂತವನ ಕೈಗೆ ಇಂಥ ಅಂಕಿ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಶೀಟ್ ಮಾಡಿದೆ. ಖಾಲಿ ಇರುವ ಜಾಗಗಳು ಕಂಡವು. ಇದಕ್ಕೂ ಅದಕ್ಕೂ ನಡುವೆ ಸ್ವಲ್ಪ ಬಲಕ್ಕೆ ಹೋಗುವುದು ಒಂದು ಬೇಕಲ್ಲ? ಇಷ್ಟೇ ನೇರ ಹೋಗಿ ಇನ್ನೊಂಚೂರು ಕಡಿಮೆ ಬೀಳುವುದು? ಜೂನ್ ಮುಗಿಯುವ ಹೊತ್ತಿಗೆ ನನ್ನ ಚೀಲದಲ್ಲಿ ಫೇರ್‌ವೇ ಡ್ರೈವರ್‌ಗಳೇ ಹನ್ನೊಂದಿದ್ದವು. ಸರಾಸರಿ ಹದಿನೈದು ಡಾಲರ್. ಹೆಂಡತಿ ಫೋನಿನಲ್ಲೇ ಗುಣಿಸಿದಳು: “ಹನ್ನೊಂದೂವರೆ ಸಾವಿರ ರೂಪಾಯಿ. ಪುಕ್ಕಟೆ ಆಟ ಅಂದಿದ್ರಿ!”

ಆಟ ಮಾತ್ರ ಸುಧಾರಿಸಲಿಲ್ಲ. ಎಸೆತ ಕೆಟ್ಟರೆ ಡಿಸ್ಕ್ ತಪ್ಪಾಗಿ ಆರಿಸಿದೆ ಅನ್ನಿಸುತ್ತಿತ್ತು, ಮುಂದಿನ ಸಲ ಬೇರೆಯದು. ಹೀಗಾಗಿ ಯಾವ ಎಸೆತದಿಂದಲೂ ಏನೂ ಕಲಿಯಲಿಲ್ಲ. ಮೇಲಾಗಿ ಬಲ ಮೊಣಕೈ ನೋಯಲು ಶುರುವಾಯಿತು. ಹಗಲೆಲ್ಲ ಮೌಸ್ ಹಿಡಿಯುವ ಕೈ ಅದೇ.

ಹೆಲ್ಯರ್‌ನಲ್ಲಿ ಬೆಳಿಗ್ಗೆ ಏಳಕ್ಕೇ ಬರುವ ಅಜ್ಜನೊಬ್ಬ ಇದ್ದ. ಅಂಚೆ ಇಲಾಖೆಯಿಂದ ನಿವೃತ್ತನಾದವನು, ಎಪ್ಪತ್ತು ದಾಟಿರಬೇಕು. ಅವನ ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರಲ್ಲಿ ಐದು ಡಿಸ್ಕ್. ಫೇರ್‌ವೇ ಡ್ರೈವರ್ ಎರಡೇ. ಎರಡೂ ಟೀಬರ್ಡ್, ಒಂದು ಹೊಸದು, ಇನ್ನೊಂದು ಅಂಚೆಲ್ಲ ಸವೆದು ನಾಯಿ ಕಚ್ಚಿದ ಹಾಗಿತ್ತು. ಎರಡು ಯಾಕೆ ಅಂದರೆ, ಡಿಸ್ಕ್ ಮರಕ್ಕೆ, ಕಲ್ಲಿಗೆ ಬಡಿದು ಸವೆದಂತೆ ಅದರ ಹಾರಾಟ ಬದಲಾಗುತ್ತದೆ. ಹೊಸದು ಕೊನೆಗೆ ಎಡಕ್ಕೆ ಬೀಳುವಲ್ಲಿ ಹಳೆಯದು ನೇರ ಹೋಗುತ್ತದೆ, ಇನ್ನೂ ಸವೆದರೆ ಬಲಕ್ಕೆ ವಾಲುತ್ತದೆ. ಅಂಗಡಿಯಲ್ಲಿ ಎರಡು ಹೆಸರಿನಲ್ಲಿ ಮಾರುವುದು ಅಜ್ಜನಿಗೆ ಒಂದೇ ಹೆಸರಿನಲ್ಲಿ ಸಿಕ್ಕಿತ್ತು. ಹನ್ನೆರಡು ಸಲ ವಿಶ್ವ ಚಾಂಪಿಯನ್ ಆದ ಕೆನ್ ಕ್ಲೈಮೋ ಹೆಸರಿಗೆ ಅಂಟಿಕೊಂಡ ಡಿಸ್ಕ್ ಇದೇ ಟೀಬರ್ಡ್ ಅಂತ ಅಜ್ಜ ಹೆಮ್ಮೆಯಿಂದ ಹೇಳುತ್ತಿದ್ದ.

ಅವನು ನನಗೆ ಬುದ್ಧಿ ಹೇಳಲಿಲ್ಲ. ನನ್ನ ಬೆನ್ನಿನ ಚೀಲ ನೋಡಿ ಒಂದು ದಿನ ಕೇಳಿದ್ದು ಇಷ್ಟೇ: ಇವನ್ನೆಲ್ಲ ಒಂದೇ ಕಡೆ ನಿಂತು ಒಗೆದು ನೋಡಿದ್ದೀಯಾ?

ನೋಡಿರಲಿಲ್ಲ. ಮರುದಿನವೇ ಮನೆ ಹತ್ತಿರದ ಖಾಲಿ ಮೈದಾನಕ್ಕೆ ಹೋಗಿ ಹನ್ನೊಂದನ್ನೂ ಐದೈದು ಸಲ ಒಗೆದೆ. ಹೆಜ್ಜೆ ಎಣಿಸಿ ಗುರುತು ಹಾಕಿದೆ. ಅವುಗಳಲ್ಲಿ ಏಳು ಒಂದಕ್ಕೊಂದು ಹತ್ತು ಹೆಜ್ಜೆಯ ಒಳಗೇ ಬಿದ್ದಿದ್ದವು. ಒಂದೇ ಡಿಸ್ಕ್‌ನ ಐದು ಎಸೆತಗಳ ನಡುವೆ ಇದ್ದ ಅಂತರ ಅದಕ್ಕಿಂತ ಹೆಚ್ಚಿತ್ತು! ನನ್ನ ಶೀಟಿನಲ್ಲಿ ಇಂಚಿಂಚು ವ್ಯತ್ಯಾಸ ತೋರಿಸುತ್ತಿದ್ದ ಅಂಕಿಗಳು ನನ್ನ ತೋಳಿನ ಮಟ್ಟಿಗೆ ಸುಳ್ಳಾಗಿದ್ದವು. ಅಂಕಿ ಬರೆದವರ ತಪ್ಪಲ್ಲ. ಆ ವ್ಯತ್ಯಾಸವನ್ನು ಹೊರತೆಗೆಯುವಷ್ಟು ಒಂದೇ ಹದದಲ್ಲಿ ಒಗೆಯುವ ಕೈ ಬೇಕು. ವೃತ್ತಿಪರರು ಇಪ್ಪತ್ತಕ್ಕೂ ಹೆಚ್ಚು ಡಿಸ್ಕ್ ಹೊತ್ತು ತಿರುಗುವುದಕ್ಕೆ ಅರ್ಥವಿದೆ, ಅವರ ಕೈ ಅಂಥದ್ದು.

ಅಂದೇ ಮೂರನ್ನು ಇಟ್ಟುಕೊಂಡು ಉಳಿದ ಎಂಟನ್ನು ಅಲಮಾರಿಗೆ ಸೇರಿಸಿದೆ. ಲೆಪರ್ಡ್, ಟೀಬರ್ಡ್, ಫೈರ್‌ಬರ್ಡ್. ಅಜ್ಜ ಒಂದೇ ಸಾಕು ಅನ್ನುವ ಪಂಥದವನು. ನಾನು ಅಷ್ಟು ದೂರ ಹೋಗಲಿಲ್ಲ, ಈಗಲೂ ಹೋಗುವುದಿಲ್ಲ. ಕಾರಣ ಗಾಳಿ. ಎದುರುಗಾಳಿಯಲ್ಲಿ ಡಿಸ್ಕ್‌ಗೆ ತಾನು ಹೆಚ್ಚು ವೇಗದಲ್ಲಿ ಹೋಗುತ್ತಿರುವ ಹಾಗೆ. ಮೆತ್ತನೆಯ ಲೆಪರ್ಡ್ ಬಲಕ್ಕೆ ಮಗುಚಿಕೊಂಡು ನೆಲ ಕಚ್ಚುತ್ತದೆ. ಅಲ್ಲಿ ಹಟಮಾರಿ ಫೈರ್‌ಬರ್ಡ್ ಬೇಕು. ಗಾಳಿ ಹಿಂದಿನಿಂದ ಬಂದರೆ ಉಲ್ಟಾ, ಫೈರ್‌ಬರ್ಡ್ ಬೇಗ ಎಡಕ್ಕೆ ಬಿದ್ದುಹೋಗುತ್ತದೆ, ಲೆಪರ್ಡ್ ತೇಲುತ್ತದೆ.

ಮೊದಲ ಎರಡು ವಾರ ಸ್ಕೋರ್ ಇನ್ನೂ ಕೆಟ್ಟಿತು. ಚೀಲದಲ್ಲಿ ಉತ್ತರ ಇಲ್ಲದ್ದರಿಂದ ಮಣಿಕಟ್ಟಿನಲ್ಲಿ ಹುಡುಕಬೇಕಾಯಿತು. ಲೆಪರ್ಡ್‌ನ ಹೊರ ಅಂಚನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಒಗೆದರೆ ಅದು ಗಾಳಿಯಲ್ಲಿ ತಾನೇ ಎದ್ದು ಸಮನಾಗಿ ನೇರ ಹೋಗುತ್ತದೆ. ಸಮನಾಗಿ ಒಗೆದರೆ ಬಲಕ್ಕೆ. ಅಂಚು ಮೇಲೆತ್ತಿದರೆ ಇನ್ನೂ ಬಲಕ್ಕೆ, ಉರುಳಿಕೊಂಡೂ ಹೋದೀತು. ಒಂದು ಡಿಸ್ಕ್‌ನಲ್ಲೇ ಮೂರು ದಾರಿ. ಇನ್ನೊಂದು ಗೊತ್ತಾದದ್ದು, ಎಪ್ಪತ್ತು ಮೀಟರ್ ಒಳಗಿನದಕ್ಕೆ ಡ್ರೈವರ್ ಬೇಕಾಗಿಯೇ ಇರಲಿಲ್ಲ, ಮಿಡ್‌ರೇಂಜ್ ಸಾಕು. ಜೋರಾಗಿ ಒಗೆಯುವುದು ನಿಂತ ಮೇಲೆ ಮೊಣಕೈ ನೋವೂ ಇಳಿಯಿತು.

ಆಗಸ್ಟ್‌ನಲ್ಲಿ ಮ್ಯಾನೇಜರ್ ಕರೆದು ಇನ್ನೆರಡು ವರ್ಷ ಇಲ್ಲೇ ಇರುತ್ತೀಯಾ ಅಂತ ಕೇಳಿದ. ಕುಟುಂಬವನ್ನೂ ಕರೆಸಿಕೊಳ್ಳಬಹುದು, ಸೋಮವಾರದೊಳಗೆ ಹೇಳು. ಹೆಂಡತಿ ಕೆಲಸ ಬಿಡುವುದಿಲ್ಲ ಅಂತ ನನಗೆ ಗೊತ್ತಿತ್ತು, ಬಿಡು ಅಂತ ಹೇಳುವ ಬಾಯಿಯೂ ನನಗಿರಲಿಲ್ಲ. ಆದರೂ ಫೋನಿನಲ್ಲಿ ಹೇಳಿದೆ. ಅವಳು ಸುಮಾರು ಹೊತ್ತು ಸುಮ್ಮನಿದ್ದು, “ನಿಮ್ಮ ಮನಸ್ಸಿನ್ಯಾಗ ಏನೈತಿ ಅದನ್ನ ಮೊದಲ ಹೇಳ್ರಿ. ನಾನು ಹೇಳಿದ್ದಕ್ಕ ಬಂದೆ ಅನ್ನೂದು ಆಮ್ಯಾಲೆ ಬ್ಯಾಡ” ಅಂದಳು. ಆ ಶನಿವಾರ ಅಜ್ಜ ತನ್ನ ಹಳೆಯ ಪಿಕಪ್‌ನಲ್ಲಿ ನನ್ನನ್ನು ಡಿಲಾವಿಯಾಗಕ್ಕೆ ಕರೆದೊಯ್ದ.

ಸ್ಯಾನ್ ಹೋಸೆಯಿಂದ ಸಾಂತಾ ಕ್ರೂಸ್‌ಗೆ ಹೋಗುವ 17ನೇ ಹೆದ್ದಾರಿ ಬೆಟ್ಟ ಹತ್ತಿ ಇಳಿಯುತ್ತದೆ. ಲೋನಾವಳ ಘಾಟಿನ ಹಳೆಯ ರಸ್ತೆ ನೆನೆಸಿಕೊಳ್ಳಿ. ಲಾರಿಗಳು ಕಡಿಮೆ, ತಿರುವುಗಳು ಅಷ್ಟೇ. ಈ ಕಡೆ ಸುಡುವ ಬಿಸಿಲು, ನೆತ್ತಿ ದಾಟಿದೊಡನೆ ಕೆಂಪುಮರಗಳ ನೆರಳು, ಕೆಳಗೆ ಇಳಿದಂತೆ ಸಮುದ್ರದಿಂದ ಎದ್ದ ಮಂಜು. ಅರ್ಧ ಗಂಟೆಯಲ್ಲಿ ಸ್ವೆಟರ್ ಹಾಕಿಕೊಳ್ಳುವ ಹಾಗಾಯಿತು. ದಾರಿಯುದ್ದಕ್ಕೂ ಅಜ್ಜ ಹೆಚ್ಚು ಮಾತಾಡಲಿಲ್ಲ, ನಾನಂತೂ ಒಂದೂ ಮಾತಾಡಲಿಲ್ಲ.

ಡಿಲಾವಿಯಾಗ ಪಾರ್ಕಿನ ಕೋರ್ಸ್ 1984ರದು. ಡಿಸ್ಕ್ ಗಾಲ್ಫ್ ಆಡುವವರ ಮಟ್ಟಿಗೆ ಒಂದು ಯಾತ್ರಾಸ್ಥಳ. ಹೆಡ್ರಿಕ್ ಕೊನೆಯ ವರ್ಷಗಳನ್ನು ಕಳೆದದ್ದೂ ಈ ಕರಾವಳಿಯಲ್ಲೇ. ಹೆಲ್ಯರ್‌ನ ಬಯಲಿನಲ್ಲಿ ಕಲಿತವನಿಗೆ ಇದು ಬೇರೆ ಲೋಕ. ಓಕ್ ಮರಗಳು ಕೊಂಬೆ ಚಾಚಿ ದಾರಿಗೆ ಅಡ್ಡ ನಿಂತಿವೆ, ನೆಲ ಹುಲ್ಲಿಲ್ಲದೆ ಗಟ್ಟಿಯಾಗಿ ಒಣಗಿದೆ, ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಇಳಿಜಾರು, ಕೊರಕಲು, ಮತ್ತೆ ಏರು. ಬುಟ್ಟಿಯನ್ನು ಬೇಕೆಂದೇ ಕೊರಕಲಿನ ಅಂಚಿಗೆ ನೆಟ್ಟಿರುತ್ತಾರೆ. ಹತ್ತಡಿ ಹೆಚ್ಚಾದರೆ ಡಿಸ್ಕ್ ಅಂಚಿನ ಮೇಲೆ ನಿಂತು ಚಕ್ರದಂತೆ ಉರುಳುತ್ತಾ ಕೆಳಗೆ ಹೋಗುತ್ತದೆ. ನಾವು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಲ್ಲಬೇಕು.

ಕೊರಕಲಿಗೆ ಬಿದ್ದರೆ ಇನ್ನೊಂದು ಪೀಡೆ ಕಾಯುತ್ತಿರುತ್ತದೆ, ಪಾಯ್ಸನ್ ಓಕ್. ಹೆಸರು ಓಕ್, ಆದರೆ ಗೋಡಂಬಿಯ ಕುಟುಂಬದ ಪೊದೆ. ಮೂರು ಮೂರು ಎಲೆ, ಮುಟ್ಟಿದರೆ ಚರ್ಮದ ಮೇಲೆ ಬೊಕ್ಕೆ, ವಾರಗಟ್ಟಲೆ ತುರಿಕೆ. ಹಸಿ ಗೇರುಬೀಜದ ಸೊನೆ ತಾಗಿಸಿಕೊಂಡ ಕರಾವಳಿಯವರಿಗೆ ಇದರ ರೀತಿ ಹೊಸದಲ್ಲ.

ಮೂರು ಡ್ರೈವರ್‌ಗಳ ಮೇಲೆ ಅಂದು ನಾನು ಆಡಿದ ಆಟ ಮರೆಯುವಂಥದ್ದಲ್ಲ. ಒಳ್ಳೆಯ ಸ್ಕೋರ್ ಏನಲ್ಲ, ಅಜ್ಜನಿಗಿಂತ ಹದಿನಾಲ್ಕು ಎಸೆತ ಹಿಂದೆ. ಆದರೆ ಟೀ ಮೇಲೆ ನಿಂತಾಗ ಯಾವುದನ್ನು ತೆಗೆಯಲಿ ಅನ್ನುವ ಪ್ರಶ್ನೆ ಏಳಲಿಲ್ಲ. ಎರಡು ಮರಗಳ ನಡುವೆ ಎರಡು ಮಾರು ಜಾಗ ಕಂಡರೆ ಟೀಬರ್ಡ್. ನಾಲ್ಕು ತಿಂಗಳಲ್ಲಿ ಅದರ ಅಂಚು ಸಾಕಷ್ಟು ಸವೆದಿತ್ತು, ಬಿಟ್ಟ ಬಾಣದಂತೆ ನೇರ ಹೋಗುತ್ತಿತ್ತು. ಮರಕ್ಕೆ ಬಡಿದಾಗ ಅದು ನನ್ನ ತಪ್ಪು ಅಂತ ಖಚಿತವಾಗಿ ಗೊತ್ತಿರುತ್ತಿತ್ತು, ಮತ್ತೆ ಯಾವ ತಪ್ಪು ಅನ್ನುವುದೂ. ಬೇಗ ಬಿಟ್ಟೆ, ಮೂತಿ ಮೇಲಾಯಿತು, ಭುಜ ತೆರೆಯಿತು, ಹೀಗೆ.

ಇಪ್ಪತ್ತೇಳನೆಯ ಬುಟ್ಟಿಗೆ ‘ಟಾಪ್ ಆಫ್ ದಿ ವರ್ಲ್ಡ್’ ಅಂತ ಹೆಸರು. ಗುಡ್ಡದ ನೆತ್ತಿಯಿಂದ ಒಗೆಯಬೇಕು. ಬುಟ್ಟಿ ಐನೂರು ಅಡಿಗೂ ಆಚೆ, ಬಹಳ ಕೆಳಗೆ. ದೂರದಲ್ಲಿ ಮಾಂಟೆರೆ ಕೊಲ್ಲಿಯ ನೀರು. ಅಷ್ಟು ಹೊತ್ತಿಗೆ ಮಂಜು ಹರಿದು ಬಿಸಿಲು ಬಿದ್ದಿತ್ತು. ಹಿಂದೆ ನಾಲ್ಕೈದು ಹುಡುಗರು ತಮ್ಮ ಸರದಿಗೆ ಕಾಯುತ್ತಾ ಕೂತಿದ್ದರು. ಸದ್ದಿಲ್ಲ. ಇಲ್ಲಿಂದ ಬಿಟ್ಟ ಡಿಸ್ಕ್ ಬೇರೆಲ್ಲೂ ಇಲ್ಲದಷ್ಟು ಹೊತ್ತು ಗಾಳಿಯಲ್ಲಿರುತ್ತದೆ. ಅಜ್ಜ ತನ್ನ ಹೊಸ ಟೀಬರ್ಡ್ ಒಗೆದ. ಅದು ಆಕಾಶದಲ್ಲಿ ಚುಕ್ಕೆಯಾಗಿ, ನಿಂತಂತೆ ನಿಂತು, ಆಮೇಲೆ ನಿಧಾನ ಎಡಕ್ಕೆ ಇಳಿದು ದಾರಿಯ ನಡುವೆ ಬಿತ್ತು.

ಗಾಳಿ ಎದುರಿನಿಂದ ಬರುತ್ತಿತ್ತು. ಫೈರ್‌ಬರ್ಡ್ ತೆಗೆಯಬೇಕು. ನನಗೆ ಗೊತ್ತಿತ್ತು, ಕೈಯೂ ಚೀಲದೊಳಗೆ ಅದರ ಮೇಲೇ ಇತ್ತು. ಆದರೆ ಫೈರ್‌ಬರ್ಡ್ ಅಷ್ಟು ದೂರ ತೇಲುವುದಿಲ್ಲ, ಇಂಥ ಜಾಗದಲ್ಲಿ ನಿಂತು ಅರ್ಧಕ್ಕೇ ಬೀಳುವುದನ್ನು ಒಗೆಯಲು ಮನಸ್ಸು ಬರಲಿಲ್ಲ. ಸವೆದ ಟೀಬರ್ಡನ್ನೇ ತೆಗೆದೆ. ಶಕ್ತಿಯೆಲ್ಲ ಹಾಕಿ ಒಗೆದೆ.

ಮೊದಲು ಚೆನ್ನಾಗಿಯೇ ಹೋಯಿತು. ಹಿಂದಿದ್ದ ಹುಡುಗರಲ್ಲಿ ಒಬ್ಬ ಸಿಳ್ಳೆ ಹಾಕಿದ. ಆಮೇಲೆ ಬಲಕ್ಕೆ ವಾಲಿತು, ಇನ್ನೂ ವಾಲಿತು, ಹಿಂದಿರುಗುವ ಲಕ್ಷಣವೇ ಇಲ್ಲ. ಬಲಬದಿಯ ಇಳಿಜಾರಿನ ಪೊದೆಗಳ ಮೇಲೆ ಕಿತ್ತಳೆ ಬಣ್ಣ ಒಮ್ಮೆ ಮಿಂಚಿ ಮಾಯವಾಯಿತು.

ಹತ್ತು ಡಿಸ್ಕ್ ಇರುವವನು ಹತ್ತರಲ್ಲಿ ಒಂದನ್ನು ಕಳೆದುಕೊಂಡು ಮುಂದೆ ಹೋಗುತ್ತಾನೆ. ಕಡಿಮೆ ಡಿಸ್ಕ್‌ಗಳ ವಾದ ಮಾಡುವವರು ಈ ಭಾಗವನ್ನು ಹೇಳುವುದಿಲ್ಲ. ಒಂದರ ಮೇಲೆ ಅಷ್ಟು ಭಾರ ಹಾಕಿದಾಗ ಅದು ಹೋದರೆ ಆಟವೇ ಹೋದ ಹಾಗೆ. ಅಂಗಡಿಯಲ್ಲಿ ಅದೇ ಹೆಸರಿನ ಹೊಸದು ಸಿಗುತ್ತದೆ, ಆದರೆ ಅದು ಎಡಕ್ಕೆ ಬೀಳುತ್ತದೆ. ಹಳೆಯದರ ಹಾಗೆ ಆಗಲು ತಿಂಗಳುಗಟ್ಟಲೆ ಮರಗಳಿಗೆ ಬಡಿಯಬೇಕು. ಅಜ್ಜ ಯಾವಾಗಲೂ ಅದೇ ಡಿಸ್ಕ್ ಎರಡು ಇಟ್ಟುಕೊಳ್ಳುತ್ತಿದ್ದುದರ ಇನ್ನೊಂದು ಕಾರಣ ನನಗೆ ಅಲ್ಲಿ ಹೊಳೆಯಿತು.

ಬಿಟ್ಟುಬಿಡು, ಅಲ್ಲೆಲ್ಲ ಪಾಯ್ಸನ್ ಓಕ್ ಇದೆ ಅಂದ ಅಜ್ಜ. ನಾನು ಕೇಳಲಿಲ್ಲ. ಅರ್ಧ ತೋಳಿನ ಅಂಗಿಯಲ್ಲೇ ಪೊದೆಗೆ ನುಗ್ಗಿ ಮುಕ್ಕಾಲು ಗಂಟೆ ಹುಡುಕಿದೆ. ಬೇರೆ ಯಾರದ್ದೋ ನೀಲಿ ಡಿಸ್ಕ್ ಒಂದು ಸಿಕ್ಕಿತು. ಅದರ ಹಿಂಬದಿಯಲ್ಲಿದ್ದ ನಂಬರಿಗೆ ಮೆಸೇಜ್ ಹಾಕಿದೆವು. ಇಲ್ಲಿನ ಪದ್ಧತಿ ಅದು, ಎಲ್ಲರೂ ಡಿಸ್ಕ್‌ನ ಹಿಂದೆ ಫೋನ್ ನಂಬರ್ ಬರೆದಿರುತ್ತಾರೆ, ಸಿಕ್ಕವರು ಸಾಮಾನ್ಯವಾಗಿ ತಿಳಿಸುತ್ತಾರೆ. ನನ್ನದು ಸಿಗಲಿಲ್ಲ. ಮೇಲೆ ಬಂದು ಕೂತಾಗ ಉಸಿರು ಏರುತ್ತಿತ್ತು. ಅಜ್ಜ ನೀರಿನ ಬಾಟಲಿ ಕೊಟ್ಟು, ಸೋಮವಾರ ಏನು ಹೇಳುತ್ತೀ ಅಂತ ಕೇಳಿದ. ಯಾವಾಗ ಹೇಳಿದ್ದೆನೋ ಅವನಿಗೆ, ನೆನಪಿಲ್ಲ.

“ವಾಪಸ್ ಹೋಗ್ತೀನಿ” ಅಂದೆ. ಹೇಳಿದ ಮೇಲೆಯೇ ಅದು ನನಗೂ ಗೊತ್ತಾದದ್ದು. ಮಗನಿಗೆ ಹೋದ ವಾರವಷ್ಟೇ ಮುಂದಿನ ಎರಡು ಹಲ್ಲು ಬಿದ್ದಿದ್ದವು, ಸ್ಕ್ರೀನಿನಲ್ಲಿ ತೋರಿಸಿದ್ದ. ಅಜ್ಜ ತಲೆಯಾಡಿಸಿದ. ಉಳಿದ ಬುಟ್ಟಿಗಳನ್ನು ಲೆಪರ್ಡ್ ಮತ್ತು ಫೈರ್‌ಬರ್ಡ್‌ನಲ್ಲೇ ಮುಗಿಸಿದೆ.

ಹತ್ತು ದಿನ ಎರಡೂ ತೋಳು ಕೆರೆದುಕೊಂಡೆ. ಮ್ಯಾನೇಜರ್ ಎದುರು ಕೂತು ಇಲ್ಲಿರಲಾರೆ ಅಂತ ಹೇಳುವಾಗಲೂ ಕೆರೆದುಕೊಳ್ಳುತ್ತಿದ್ದೆ. ಅವನು ಏನೆಂದುಕೊಂಡನೋ!

ಸೆಪ್ಟೆಂಬರ್ ಕೊನೆಗೆ ಹೊರಡುವ ಹಿಂದಿನ ದಿನ, ಪೆಟ್ಟಿಗೆಯನ್ನು ತೂಕದ ಯಂತ್ರದ ಮೇಲಿಟ್ಟು 23 ಕಿಲೋಗೆ ಇಳಿಸುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಮೆಸೇಜ್ ಬಂತು. ಕಿತ್ತಳೆ ಟೀಬರ್ಡ್ ನಿಮ್ಮದೇ? ಸಾಂತಾ ಕ್ರೂಸ್‌ನ ವಿದ್ಯಾರ್ಥಿನಿ ಒಬ್ಬಳು. ತರಲು ಹೋಗುವಷ್ಟು ಸಮಯವಿರಲಿಲ್ಲ. ಅಜ್ಜನ ನಂಬರ್ ಕೊಟ್ಟೆ. ಅವನು ಅದನ್ನು ಇಸಿದುಕೊಂಡು ತನ್ನ ಬಟ್ಟೆಯ ಚೀಲಕ್ಕೆ ಸೇರಿಸಿದ. ಈಗ ಅವನಲ್ಲಿ ಮೂರು. ಹಬ್ಬಕ್ಕೆ ಶುಭಾಶಯ ಕಳಿಸಿದಾಗಲೆಲ್ಲ, ನಿನ್ನಿಂದಾಗಿ ನನ್ನ ಚೀಲ ಭಾರವಾಯಿತು ಅಂತ ಬರೆಯುತ್ತಾನೆ.

ಅಲಮಾರಿಯ ಎಂಟನ್ನು ಟೀಮಿನವರಿಗೆ ಹಂಚಿದೆ. ಪುಣೆಗೆ ಬಂದದ್ದು ಲೆಪರ್ಡ್, ಫೈರ್‌ಬರ್ಡ್, ಒಂದು ಪಟರ್. ಇಲ್ಲಿ ನಮ್ಮ ವಾಕಡ್‌ನಲ್ಲಿ ಬುಟ್ಟಿ ಎಲ್ಲಿಂದ ಬರಬೇಕು? ಭಾನುವಾರ ಬೆಳಿಗ್ಗೆ ಸೊಸೈಟಿಯ ಹಿಂದಿನ ಖಾಲಿ ಜಾಗದಲ್ಲಿ ಮಗನೂ ನಾನೂ ಒಂದು ಬೇವಿನ ಮರವನ್ನೇ ಬುಟ್ಟಿ ಮಾಡಿಕೊಂಡಿದ್ದೇವೆ, ಕಾಂಡಕ್ಕೆ ತಾಗಿದರೆ ಲೆಕ್ಕ. ವಾಕಿಂಗ್ ಬರುವ ಮರಾಠಿ ಆಜೋಬಾಗಳು ಮೊದಮೊದಲು ನಿಂತು ನೋಡುತ್ತಿದ್ದರು. ಅವ್ವ ದಸರೆಗೆ ಬಂದಾಗ ತಾನೂ ಒಂದು ಒಗೆದಳು, ನನ್ನ ಮೊದಲ ಎಸೆತಕ್ಕಿಂತ ನೇರ ಹೋಯಿತು.

ಹೋದ ವಾರ ಮಗ ಲೆಪರ್ಡನ್ನು ಗುಲ್‌ಮೊಹರ್ ಮರದ ಮೇಲೆ ಕೂರಿಸಿಬಿಟ್ಟ. ವಾಚ್‌ಮನ್ ಕಾಕಾ ಬಿದಿರುಕೋಲು ತಂದು ಹತ್ತು ನಿಮಿಷ ಚುಚ್ಚಿ ಕೆಡವಿ, ಮಣ್ಣು ಒರೆಸಿ, ಹಿಂದೆ ಬರೆದಿದ್ದ ನಂಬರ್ ನೋಡಿ, “ಇದು ಯಾವ ದೇಶದ್ದು ಸಾಹೇಬ್?” ಅಂತ ಮರಾಠಿಯಲ್ಲಿ ಕೇಳಿದ. ಹಳೆಯ ಅಮೆರಿಕಾದ ನಂಬರ್ ಇನ್ನೂ ಹಾಗೇ ಇತ್ತು. ಮನೆಗೆ ಬಂದು ಸ್ಪಿರಿಟ್ ಹಚ್ಚಿ ಅಳಿಸಿ ಇಲ್ಲಿನದನ್ನು ಬರೆದೆ.